ಆಡುಗಳು ಮೇಯ್ದ ಇಳಿಜಾರು

ಮರುಗಡಲಿನ ನೂರ ಐವತ್ತೊಂದನೆಯ ವರ್ಷ, ಎರಡನೆಯ ಬೇಸಿಗೆ
ಮೆಲಾಂಥಿ ದ್ವೀಪ, ಗ್ರೀಕರ ಕಡಲು

ಈ ಗುಡ್ಡದ ಮೇಲೆ ಮೊದಲ ಸಸಿಗಳನ್ನು ನೆಟ್ಟವರಿಗೆ,

ಮೇಲಿನ ತೇದಿ ನಿಮಗೆ ಹುಚ್ಚು ಮಾತಿನಂತೆ ಕಂಡರೆ ಕ್ಷಮಿಸಬೇಕು. ಕಡಲು ನಮ್ಮ ಬೀದಿಗಳೊಳಗೆ ಬಂದು ಹಿಂದಿರುಗದೆ ಉಳಿದ ವರ್ಷದಿಂದ ನಾವು ಕಾಲವನ್ನು ಎಣಿಸುತ್ತೇವೆ. ಅದನ್ನೇ ಮರುಗಡಲು ಎನ್ನುತ್ತೇವೆ. ಬೇಸಿಗೆ ನಮಗೆ ವರ್ಷಕ್ಕೆ ಎರಡು ಸಲ ಬರುತ್ತದೆ. ನನ್ನ ಕನ್ನಡವೂ ನಿಮ್ಮ ಕನ್ನಡವಲ್ಲ. ಹಳೆಯ ಶಾಲಾ ಪುಸ್ತಕಗಳನ್ನು ಓದಿ, ನಿಮಗೆ ತಿಳಿಯುವ ಹಾಗೆ ಬರೆಯಲು ಪ್ರಯತ್ನಿಸಿದ್ದೇನೆ. ಹಿಂದಕ್ಕೆ ಹೋಗುವ ಅಂಚೆ ನಮ್ಮಲ್ಲೂ ಇಲ್ಲವೆಂಬುದು ಗೊತ್ತು. ಆದರೂ ಇದನ್ನು ನಿಮಗೇ ಹೇಳಬೇಕು.

ನಾನು ಲೋಲಾಕ್ಷಿ ಹರಿಕಂತ್ರ, ಕಾರವಾರದ ಕಡೆಯವಳು. ನೀವು ರಜೆಯಲ್ಲಿ ಇಲ್ಲಿಗೆ ಬಂದು, ಸುಟ್ಟ ಗುಡ್ಡದ ಮೇಲೆ ಓಕ್ ಸಸಿಗಳನ್ನು ನೆಟ್ಟು, ದಂಡೆಯ ಕಸ ಹೆಕ್ಕಿ ಮನೆಗೆ ಮರಳುತ್ತಿದ್ದಿರಂತೆ. ನಮ್ಮ ಕಾಲದಲ್ಲಿ ಅದಕ್ಕೆ ಸರದಿ ಎಂದು ಹೆಸರು. ಹರೆಯಕ್ಕೆ ಬಂದ ಪ್ರತಿಯೊಬ್ಬರೂ ಮೂರು ವರ್ಷ ಬೇರೆ ಯಾವುದೋ ಕಡಲಿನ ನೆಲಕ್ಕೆ ಸಂಬಳವಿಲ್ಲದೆ ದುಡಿಯಬೇಕು. ನನ್ನ ಸರದಿ ಮೆಲಾಂಥಿಗೆ ಬಂತು. ನೀವು ನೆಟ್ಟ ಮರಗಳು ಆಗ ಗುಡ್ಡದ ನೆತ್ತಿಯಲ್ಲಿ ಕಾಡಾಗಿ ನಿಂತಿದ್ದವು. ಕಡಲ ಮಂಜು ಅವುಗಳ ಎಲೆಗೆ ತಾಗಿ ಹನಿಯುತ್ತಿತ್ತು, ಆ ಹನಿ ಬೇರಿಗಿಳಿದು ಒರತೆಯಾಗುತ್ತಿತ್ತು. ಇಡೀ ದ್ವೀಪ ಕುಡಿಯುತ್ತಿದ್ದುದು ಆ ಒಂದು ಒರತೆಯನ್ನು. ಅದರ ಕೆಳಗಿನ ಇಳಿಜಾರಿನಲ್ಲಿ ನಾವು ಎಳೆಯ ಮರಗಳನ್ನು ಬೆಳೆಸುತ್ತಿದ್ದೆವು, ಸುತ್ತ ತಂತಿಬೇಲಿ ಹಾಕಿದ್ದೆವು. ಬಿಸಿಲೇರಿದ ಮೇಲೆ ಸಂಜೆಯವರೆಗೆ ಯಾರೂ ಹೊರಗೆ ಬರುವಂತಿರಲಿಲ್ಲ. ಅದನ್ನು ಹಗಲುಮುಚ್ಚು ಎನ್ನುತ್ತೇವೆ. ಆ ಹೊತ್ತಿನಲ್ಲಿ ಕಲ್ಲಿನ ಮನೆಯೊಳಗೆ ಮಲಗಿ, ನೀರಿನಲ್ಲಿ ನೆನೆಸಿದ ಬಾರ್ಲಿ ರೊಟ್ಟಿ ತಿನ್ನುತ್ತ ಊರಿನ ಸುದ್ದಿ ಮಾತಾಡುತ್ತಿದ್ದೆವು.

ನಮ್ಮ ಊರಿನ ಸುದ್ದಿ ಆಡುವವರೆಂದರೆ ನಾನು ಮತ್ತು ವಾಮನ ಮೇಸ್ತ. ಅವನು ಹೊನ್ನಾವರದವನು, ನನಗಿಂತ ಸ್ವಲ್ಪ ದೊಡ್ಡವನು, ದೋಣಿ ಕಟ್ಟುವವರ ಮನೆಯ ಮಗ. ನಾನು ವಾಮಣ್ಣ ಎನ್ನುತ್ತಿದ್ದೆ. ಗಟ್ಟಿಯಾಗಿ ನಗುತ್ತಿದ್ದ, ಗ್ರೀಕ್ ಮಾತನ್ನು ತಪ್ಪುತಪ್ಪಾಗಿ ಧೈರ್ಯದಿಂದ ಆಡುತ್ತಿದ್ದ.

ನಮ್ಮ ಮುಖ್ಯಸ್ಥ ಹಾಲ್ವರ್. ಉತ್ತರದ ಮುಳುಗಿದ ತೀರದವನು, ಹುಟ್ಟಿದ ಪಟ್ಟಣವನ್ನು ಕಣ್ಣೆದುರೇ ಕಳೆದುಕೊಂಡವನು. ಇನ್ನೊಂದು ನೆಲ ತನ್ನ ಕೈಯಲ್ಲಿ ಸಾಯಬಾರದೆಂಬ ಹಟ ಅವನಿಗೆ. ಕಾವಲಿಗೆಂದು ಕೊಟ್ಟಿದ್ದ ಬಂದೂಕುಗಳ ಬೀಗದ ಕೈ ಅವನ ಸೊಂಟದಲ್ಲಿರುತ್ತಿತ್ತು.

ಆ ವರ್ಷ ಎರಡನೆಯ ಬೇಸಿಗೆ ಬೇಗ ಬಂತು. ಮೇವು ತರುವ ಹಡಗು ಬರಲಿಲ್ಲ. ದ್ವೀಪದ ಕುರುಬ ಸ್ತಮಾತಿಸ್ ನಮ್ಮ ಶಿಬಿರಕ್ಕೆ ಬಂದು ಟೋಪಿ ತೆಗೆದು ನಿಂತ. ಅವನ ಮಾತನ್ನು ನಮ್ಮ ನುಡಿಯಲ್ಲಿ ಬರೆಯುತ್ತೇನೆ.

“ಬೇಲಿಯೊಳಗೆ ಹುಲ್ಲು ಒಣಗಿ ನಿಂತಿದೆ. ನನ್ನ ಆಡುಗಳು ಕಲ್ಲು ನೆಕ್ಕುತ್ತಿವೆ. ಮರ ಮುಟ್ಟದ ಹಾಗೆ ನಾನೇ ನಿಂತು ಮೇಯಿಸುತ್ತೇನೆ.”

“ಇವತ್ತು ಒಂದನ್ನು ಬಿಟ್ಟರೆ ನಾಳೆ ಗುಡ್ಡ ಬೋಳು,” ಎಂದ ಹಾಲ್ವರ್. “ಆಗುವುದಿಲ್ಲ.”

ಸ್ತಮಾತಿಸ್ ಹೋದ ಮೇಲೆ ವಾಮಣ್ಣ ಹಾಲ್ವರ್ ಜೊತೆ ಹಗಲುಮುಚ್ಚು ಮುಗಿಯುವವರೆಗೂ ವಾದ ಮಾಡಿದ. ಹಾಲ್ವರ್ ಕೊನೆಗೆ ಎದ್ದು ಹೊರಗೆ ನಡೆದ. ವಾಮಣ್ಣ ನನ್ನ ಹತ್ತಿರ ಬಂದು ಕೂತ.

“ಇದು ಸರಿ ಅಲ್ಲ ಲೋಲಾ. ಆಡು ಸತ್ರೆ ಅವ್ರು ಎಂತ ತಿನ್ನೂದು? ಯಾರಾದ್ರೂ ಬಂದು ನಮ್ಮ ಬಲೆ ಕಿತ್ಕಂಡ್ ಹೋದ್ರೆ ನಿನ್ನಪ್ಪ ಸುಮ್ನೆ ಕೂತ್ಕಂತಿದ್ನಾ?”

“ಮರ ಹೋದ್ರೆ ನೀರೂ ಹೋತದ್ಯಲ್ಲಾ ವಾಮಣ್ಣ?”

“ಹೌದು ಮಾರಾಯ್ತಿ. ಅದ್ಕೇ ಹೇಳೂದು, ಕೂತು ಮಾತಾಡ್ವ ಅಂತ.”

ಕೂತು ಮಾತಾಡಲು ಯಾರೂ ಉಳಿಯಲಿಲ್ಲ. ಸ್ತಮಾತಿಸ್ ಇಳಿಜಾರಿನ ನಡುಮಟ್ಟದಲ್ಲಿ ತಂತಿ ಕತ್ತರಿಸಿ ಆಡುಗಳನ್ನು ಒಳಗೆ ಬಿಟ್ಟ. ನಮಗೆ ತಿಳಿಯುವಷ್ಟರಲ್ಲಿ ಅವು ಈ ಬದಿಯ ಬಂಡೆಯಿಂದ ಆ ಬದಿಯ ಬಂಡೆಯವರೆಗೆ, ಗುಡ್ಡಕ್ಕೆ ಅಡ್ಡಲಾಗಿ, ಹುಲ್ಲು, ಪೊದೆ, ನಮ್ಮ ಸಸಿಗಳ ಸಮೇತ ಮಣ್ಣು ಕಾಣುವ ಹಾಗೆ ಮೇಯ್ದು ಮುಗಿಸಿದ್ದವು. ಹಾಲ್ವರ್ ಬಂದೂಕುಗಳ ಬೀಗ ತೆಗೆದ.

ಬೆಳಗಿನ ತಂಪಿನಲ್ಲಿ ಗುಂಡು ಹಾರತೊಡಗಿದವು. ಆಡುಗಳು ಓಡಲಿಲ್ಲ, ಮನುಷ್ಯರನ್ನು ಕಂಡು ಅಭ್ಯಾಸವಿದ್ದುದರಿಂದ ತಲೆ ಎತ್ತಿ ನೋಡಿದವು. ಹೊಟ್ಟೆಗೆ ಗುಂಡು ತಗಲಿದ ಒಂದು ಮೇಕೆ ಕರುಳು ಎಳೆದುಕೊಂಡೇ ತನ್ನ ಮರಿಯ ಕಡೆ ಹೋಯಿತು. ಮರಿಯನ್ನೂ ಹೊಡೆದರು. ವಾಮಣ್ಣ ಹಾಲ್ವರನ ಬಂದೂಕಿನ ನಳಿಗೆಯನ್ನು ಹಿಡಿದು ಕೆಳಗೆ ಒತ್ತಿದ. ನಮ್ಮವರೇ ಇಬ್ಬರು ಅವನನ್ನು ಎಳೆದು ನೆಲಕ್ಕೆ ಕೆಡವಿದರು. ಸ್ತಮಾತಿಸ್ ಓಡಿ ಬರುವ ಹೊತ್ತಿಗೆ ಇಳಿಜಾರಿನ ಮೇಲೆ ಸಾಯುತ್ತಿದ್ದ ಆಡುಗಳು ಕಾಲು ಬಡಿಯುವ ಸದ್ದು ಮಾತ್ರ ಇತ್ತು. ಅವನು ಕೂಗಲಿಲ್ಲ. ಒಂದೊಂದನ್ನೂ ಮುಟ್ಟಿ ನೋಡಿ, ಅರೆಜೀವವಿದ್ದವುಗಳ ಕುತ್ತಿಗೆಯನ್ನು ತನ್ನ ಚಾಕುವಿನಿಂದಲೇ ಕೊಯ್ದು, ಮೊಣಕೈವರೆಗೆ ರಕ್ತ ಮೆತ್ತಿಕೊಂಡು ಊರಿಗೆ ಇಳಿದು ಹೋದ.

ಹಗಲುಮುಚ್ಚು ಮುಗಿಯುವ ಮೊದಲೇ, ಆ ಉರಿಬಿಸಿಲಲ್ಲೇ, ಊರಿನವರು ಬಂದರು. ಕುಡುಗೋಲು, ಕಬ್ಬಿಣದ ಸಲಾಕೆ, ಪಂಜು. ಮೊದಲ ಕಲ್ಲು ನಮ್ಮ ಅಡಿಗೆಯವನ ಹಲ್ಲು ಉದುರಿಸಿತು. ವಾಮಣ್ಣ ಎರಡೂ ಕೈ ಮೇಲೆತ್ತಿ ಮುಂದೆ ಹೋದ. ಗ್ರೀಕ್‌ನಲ್ಲಿ ಏನೋ ಹೇಳುತ್ತಿದ್ದ. ತಪ್ಪಾಗಿ ಹೇಳಿದನೋ, ಅವರಿಗೆ ಕೇಳಿಸಲಿಲ್ಲವೋ. ಎಲ್ಲರಿಗಿಂತ ಮುಂದಿದ್ದ ಸ್ತಮಾತಿಸ್ ಸಲಾಕೆ ಬೀಸಿದ. ತೆಂಗಿನಕಾಯಿ ಒಡೆದಂಥ ಸದ್ದು. ವಾಮಣ್ಣ ಮೊಣಕಾಲೂರಿ ಕೂತ. ಸ್ತಮಾತಿಸ್ ಮತ್ತೆ ಬೀಸಿದ. ವಾಮಣ್ಣ ಬಿದ್ದ, ಮತ್ತೆ ಏಳಲಿಲ್ಲ. ನಾನು ಹೋಗಿ ಸ್ತಮಾತಿಸ್‌ನ ಕೆನ್ನೆಗೆ ಹಲ್ಲು ಹಾಕಿದೆ. ಬಾಯಲ್ಲಿ ಅವನ ಮಾಂಸದ ರುಚಿ ಬಂತು. ಯಾರೋ ಕುಡುಗೋಲು ಎಳೆದರು. ನನ್ನ ಎಡಗೈಯ ಎರಡು ಬೆರಳು ಅಲ್ಲೇ ಹೋದವು. ಹಾಲ್ವರ್ ಗುಂಡು ಹಾರಿಸಿದ. ಒಬ್ಬ ಮೀನುಗಾರ ತೊಡೆ ಹಿಡಿದು ಉರುಳಿದ. ಅಷ್ಟರಲ್ಲಿ ಪಂಜೊಂದು ಬೀಜದ ಕೊಟ್ಟಿಗೆಯ ಒಣಹುಲ್ಲಿನ ಮಾಡಿನ ಮೇಲೆ ಬಿತ್ತು.

ಗಾಳಿ ಕಡಲಿನಿಂದ ಗುಡ್ಡದ ಕಡೆ ಇತ್ತು. ಬೆಂಕಿ ಎಳೆಯ ಮರಗಳನ್ನು ಹೊಕ್ಕಾಗ ಹೊಡೆದಾಟ ತಾನಾಗಿ ನಿಂತಿತು, ಯಾಕೆಂದರೆ ನೀರು ಆ ಗುಡ್ಡದ ಮೇಲಿತ್ತು. ನಾವೂ ಅವರೂ ಬಂಡೆಯ ಬದಿಯಿಂದ ಮೇಲಕ್ಕೆ ಓಡಿದೆವು. ಆರಿಸುವ ಮಾತೇ ಇರಲಿಲ್ಲ. ಬೆಂಕಿ ಮನುಷ್ಯ ಓಡುವುದಕ್ಕಿಂತ ಬೇಗ ಏರುತ್ತಿತ್ತು. ಏರುತ್ತ ಏರುತ್ತ ನಡುಮಟ್ಟಕ್ಕೆ ಬಂತು. ಅಲ್ಲಿ ತಿನ್ನಲು ಅದಕ್ಕೆ ಏನೂ ಸಿಗಲಿಲ್ಲ. ಬರಿಯ ಮಣ್ಣು, ಸತ್ತ ಆಡುಗಳು. ಅತ್ತಿತ್ತ ಹುಡುಕಿತು, ಆಡುಗಳ ಕೂದಲು ಸುಟ್ಟಿತು, ಹೊಗೆಯಾಯಿತು. ಅದರ ಮೇಲಿನ ಕಾಡು, ನಿಮ್ಮ ಕಾಡು, ಹಾಗೇ ನಿಂತಿತ್ತು.

ಹಾಲ್ವರ್ ಆ ಬೋಳು ನೆಲವನ್ನೇ ನೋಡುತ್ತಿದ್ದ.

ಮರುದಿನ ನಮ್ಮವರು ಸ್ತಮಾತಿಸ್‌ನನ್ನು ಕಟ್ಟಿ, ಮುಖ ಗುರುತು ಸಿಗದ ಹಾಗೆ ಬಡಿದು, ಕಡಿದಾದ ದಂಡೆಯ ಅಂಚಿಗೆ ಎಳೆದು ತಂದರು. ಸರದಿಯಲ್ಲಿ ಒಂದು ಕಟ್ಟಳೆ ಇದೆ: ಕೊಲೆಯಾದಾಗ ಶಿಕ್ಷೆ ಏನೆಂದು ಸತ್ತವನ ನುಡಿಯವರನ್ನು ಕೇಳಬೇಕು. ಅಲ್ಲಿ ವಾಮಣ್ಣನ ನುಡಿ ಆಡುವವಳು ನಾನೊಬ್ಬಳೇ. ತಳ್ಳೋಣವೇ ಎಂದು ಕೇಳಿದರು. ತಳ್ಳಿ ಎನ್ನುವ ಮಾತು ನನ್ನ ನಾಲಿಗೆಯ ಮೇಲಿತ್ತು.

“ನೀನು ಕೊಂದವನು ನಿನ್ನ ಆಡುಗಳಿಗಾಗಿ ಜಗಳವಾಡಿದವನು,” ಎಂದು ಸ್ತಮಾತಿಸ್‌ಗೆ ಗ್ರೀಕ್‌ನಲ್ಲಿ ಹೇಳಿದೆ. “ಬಂದೂಕಿಗೆ ಅಡ್ಡ ಹೋಗಿದ್ದವನು ಅವನೊಬ್ಬನೇ.”

ಸ್ತಮಾತಿಸ್‌ನ ಊದಿದ ಕಣ್ಣು ತೆರೆಯಲಿಲ್ಲ. ಅವನು ಕೇಳಿದ, “ಅವನ ಹೆಸರೇನು?”

ಹೇಳಿದೆ. ಅವನು ಅದನ್ನು ಒಡೆದ ತುಟಿಯಲ್ಲಿ ಹೇಳಲು ನೋಡಿದ, ಆಗಲಿಲ್ಲ. ಮಣ್ಣಿಗೆ ಹಣೆ ಹಚ್ಚಿ, ಆಡು ಸತ್ತಾಗ ಕೂಗದವನು, ಪ್ರಾಣಿಯ ಹಾಗೆ ಕೂಗಿದ.

“ಬಿಡಿ ಇವನನ್ನು,” ಎಂದೆ. “ಆ ಇಳಿಜಾರಿನಲ್ಲಿ ವರ್ಷವರ್ಷವೂ ಆಡು ಮೇಯಬೇಕು. ಮೇಯಿಸುವವನು ಬೇಕು.”

ನಮ್ಮಲ್ಲಿ ಸತ್ತವರನ್ನು ಸುಡುತ್ತಾರೆ. ಆದರೆ ಆ ದಿನ ಆ ದ್ವೀಪದಲ್ಲಿ ಇನ್ನೊಂದು ಬೆಂಕಿ ಹಚ್ಚುವ ಧೈರ್ಯ ಯಾರಿಗೂ ಇರಲಿಲ್ಲ. ಸ್ತಮಾತಿಸ್‌ನ ತಾಯಿ ಅರ್ಗಿರೋ ಬಂದು, “ನನ್ನ ಗಂಡನ ಪಕ್ಕದಲ್ಲಿ ನನಗೆಂದು ಇಟ್ಟ ಜಾಗವಿದೆ ಮಗಳೇ, ಅಲ್ಲಿ ಮಲಗಲಿ” ಎಂದಳು. ವಾಮಣ್ಣನನ್ನು ಅಲ್ಲೇ ಮಣ್ಣು ಮಾಡಿದೆವು. ಹಾಲ್ವರ್ ಮುಂದಿನ ದೋಣಿಯಲ್ಲಿ ಯಾರಿಗೂ ಹೇಳದೆ ಹೊರಟುಹೋದ. ನಾನು ಉಳಿದೆ, ನನ್ನ ಸರದಿ ಮುಗಿದು ನಲವತ್ತು ವರ್ಷದ ಮೇಲಾಯಿತು. ನೆರೆಯ ದ್ವೀಪಗಳಿಂದ ತಂದ ಆಡುಗಳನ್ನು ಸ್ತಮಾತಿಸ್ ಪ್ರತಿ ವಸಂತದಲ್ಲಿ ಆ ಇಳಿಜಾರಿಗೆ ಹೊಡೆದುಕೊಂಡು ಬರುತ್ತಿದ್ದ, ನಾನು ಮೇಲಿನ ಮರಗಳ ಬಳಿ ನಿಂತು ನೋಡುತ್ತಿದ್ದೆ. ಒಬ್ಬರಿಗೊಬ್ಬರು ಒಂದು ಮಾತೂ ಆಡಲಿಲ್ಲ. ಅವನನ್ನು ನಾನು ಕ್ಷಮಿಸಿಲ್ಲ. ಹೋದ ತಿಂಗಳು ಅವನು ಸತ್ತ. ಹೆಣ ಎತ್ತುವಾಗ ನಾಲ್ಕನೆಯ ಹೆಗಲು ನಾನು ಕೊಟ್ಟೆ, ಯಾಕೆಂದು ಕೇಳಿದರೆ ಹೇಳಲಾರೆ.

ನಿಮ್ಮ ಮರಗಳು ಚೆನ್ನಾಗಿವೆ. ನೀರು ಬರುತ್ತಿದೆ. ಅದಕ್ಕೆ ನಿಮಗೆ ಕೈಮುಗಿಯುತ್ತೇನೆ. ಕೇಳಿಕೊಳ್ಳುವುದು ಇಷ್ಟೇ: ನಿಮ್ಮ ದೋಣಿ ಬಂದರು ಮುಟ್ಟಿದ ಕೂಡಲೇ ಗುಡ್ಡ ಹತ್ತಬೇಡಿ. ತಂತಿಯ ಸುರುಳಿಯನ್ನು ದಂಡೆಯಲ್ಲೇ ಬಿಟ್ಟು, ಮೊದಲು ಆಡು ಸಾಕುವವರ ಮನೆಗೆ ಹೋಗಿ. ಅವರು ಕೊಟ್ಟದ್ದನ್ನು ತಿನ್ನಿ. ಬೈದರೆ ಬೈಸಿಕೊಳ್ಳಿ. ನೀವು ನೆಟ್ಟದ್ದರ ನೆರಳು ನಿಮಗೆ ಸಿಗದು, ಅದು ನಮಗೆ ಸಿಗುತ್ತದೆ. ಆ ಮನೆಯ ಬಾಗಿಲು ಮಾತ್ರ ಈಗ ನಿಮ್ಮ ಎದುರಿಗೇ ಇದೆ, ತೆರೆದಿದೆ.

ನಿಮ್ಮ ಕಾಲದ ನಂತರ ಹುಟ್ಟಲಿರುವ
ಲೋಲಾಕ್ಷಿ