ಅಲೆಮಾರಿ ಹೆಜ್ಜೆಯ ಕೌದಿ

ಕ್ಯಾಡಲ್ ಕಣಿವೆ, ಕೆಂಟಕಿ

ಐಡೆಲ್ಲಾ ಅಕ್ಕನಿಗೆ,

ನಿನ್ನ ಹಳೆಯ ಹಸಿರು ಲಂಗ ಇನ್ನೂ ಇದ್ದರೆ ಕೂಡಲೇ ಕಳುಹಿಸು. ನನ್ನ ಮಗ ವರ್ಲಿನ್‌ಗೆ ದೊಡ್ಡ ಕೌದಿ ಹೊಲಿಯುತ್ತಿದ್ದೇನೆ, ಅಂಚಿಗೆ ಬಟ್ಟೆ ಸಾಲದು.

ನಮೂನೆ 'ಅಲೆಮಾರಿ ಹೆಜ್ಜೆ'. ಬೈಯಬೇಡ. ಅದನ್ನು ಹೊದ್ದು ಮಲಗಿದ ಹುಡುಗ ಮನೆಯಲ್ಲಿ ನಿಲ್ಲುವುದಿಲ್ಲ ಎಂದು ಅಮ್ಮ ಹೇಳುತ್ತಿದ್ದುದು ನನಗೂ ನೆನಪಿದೆ. ಅದಕ್ಕೇ ಇಷ್ಟು ವರ್ಷ ಆ ನಮೂನೆಯನ್ನು ಅವನ ಹಾಸಿಗೆಯ ಹತ್ತಿರ ಸುಳಿಯಗೊಡಲಿಲ್ಲ.

ಆದರೆ ಗಣಿ ಕುಸಿದು ಅವನ ಗೆಳೆಯ ಒಳಗೇ ಉಳಿದ ಮೇಲೆ ವರ್ಲಿನ್ ಕೋಣೆ ಬಿಟ್ಟು ಹೊರಬಂದಿಲ್ಲ. ಮೆಕ್ಕೆಜೋಳದ ರೊಟ್ಟಿಯನ್ನು ಬಾಗಿಲಲ್ಲೇ ಇಟ್ಟು ಬರುತ್ತೇನೆ. ಪಾದ್ರಿಗಳು ಬಂದು ಹೊಸ್ತಿಲಲ್ಲೇ ಪ್ರಾರ್ಥಿಸಿ ಹೋದರು, ಬಾಗಿಲು ತೆರೆಯಲಿಲ್ಲ. ನನಗೂ ಕೂತಲ್ಲಿ ಕೂರಲಾಗುತ್ತಿಲ್ಲ. ಹೊಲಿದದ್ದನ್ನೇ ಬಿಚ್ಚುತ್ತೇನೆ, ಮತ್ತೆ ಹೊಲಿಯುತ್ತೇನೆ.

ನಿನ್ನೆ ಅತ್ತೆ ನೋಡಿ, "ಹೆತ್ತ ಮಗನ್ನ ಮನೆ ಬಿಟ್ಟು ಓಡ್ಸೋಕೆ ಕೂತಿದೀಯೇನೇ?" ಎಂದರು.

"ಹೂಂ ಅತ್ತೆ. ಸೂಜಿಗೆ ದಾರ ಪೋಣಿಸಿ ಕೊಡಿ," ಎಂದೆ.

ಗೊಣಗುತ್ತಲೇ ಪೋಣಿಸಿಕೊಟ್ಟರು.

ಲಂಗ ಮರೆಯಬೇಡ. ಇನ್ನೊಂದು ಮಾತು. ಅವನು ಎಂದಾದರೂ ನಿನ್ನ ಬಾಗಿಲಿಗೆ ಬಂದರೆ ಬಿಸಿಯಾಗಿ ಊಟ ಹಾಕು. ನಿನ್ನಮ್ಮ ಕಾಯುತ್ತಿದ್ದಾಳೆ ಎಂದು ಮಾತ್ರ ಅವನಿಗೆ ಹೇಳಬೇಡ.

ನಿನ್ನ ತಂಗಿ,
ಆರ್ಫಾ