ಸೂರ್ಯನನ್ನು ನೋಡಲು ಬಂದವರು

ಕಾನಾಕ್, ಗ್ರೀನ್‌ಲ್ಯಾಂಡ್. ಫೆಬ್ರವರಿ ೧೭

ತಲೆ ಕೆಟ್ಟುಹೋಗಿದೆ. ದೂರದ ಕಾರ್ಖಾನೆಗಳ ಹೊಗೆ ನಮ್ಮ ಹಿಮಕ್ಕೂ ಬರುತ್ತದೆಂದು ತೋರಿಸಲು ಅಕ್ಕನ ಮಗಳು ಅವಿಯಾಯ ಚಳಿಗಾಲವಿಡೀ ಕಾದಿದ್ದಳು. ಗುಡ್ಡದ ಮೇಲೆ ಗಾಳಿಯ ಮಸಿಯನ್ನು ಫಿಲ್ಟರಿನಲ್ಲಿ ಹಿಡಿದು ಅಳೆಯುವ ಅವಳ ಗುಡಿಸಲಿಗೆ ನಾನೇ ಕಾವಲು. ಇವತ್ತು ಆ ಹೊಗೆಯ ಮಬ್ಬು ಬಂತು. ಜೊತೆಗೆ ಊರಿಗೆ ಊರೇ ಬಂತು! ತಿಂಗಳುಗಟ್ಟಲೆ ಕತ್ತಲೆ ಕಳೆದು ಬರುವ ಸೂರ್ಯ ನನ್ನ ಗುಡ್ಡದಿಂದಲೇ ಮೊದಲು ಕಾಣುತ್ತಾನೆಂದು ಕೊಚ್ಚಿಕೊಂಡದ್ದು ನಿಜ. ಮೋಟಾರು ಜಾರುಬಂಡಿಯಲ್ಲಿ ಹೊಗೆಯೆಬ್ಬಿಸಿಕೊಂಡು ಬನ್ನಿ ಎಂದಿದ್ದೆನೇ?

“ಲೇ ಮಸೌನಾ, ಇಂಜಿನ್ ಆರ್ಸೋ!” ಎಂದು ಗೆಳೆಯನಿಗೆ ಕೂಗಿದೆ.

“ಕರೆದೋನು ನೀನೇ ಅಲ್ವೇನೋ? ನೋಡು, ಸೂರ್ಯ ಎಷ್ಟು ಕೆಂಪಗಿದಾನೆ!”

ಅವಿಯಾಯ ಕಪ್ಪಾದ ಫಿಲ್ಟರ್ ಹಿಡಿದು ಬಂದಳು. “ಇದು ಯಾರ ಹೊಗೆ ಮಾವ? ಅವ್ರದ್ದಾ, ನಮ್ದಾ?”

ಉಣ್ಣದೆ ಮಲಗಿದ್ದಾಳೆ. ಹಿಮಕರಡಿಯನ್ನೇ ಬೆದರಿಸಿ ಓಡಿಸಿದ ನಾನು, ಅವಳು ಹೊಸ ಫಿಲ್ಟರ್ ಹಾಕಿ ಮತ್ತೆ ಅಳೆಯುವಂತೆ ಆ ಹಾಳು ಮಬ್ಬು ನಾಳೆಯೂ ಇಲ್ಲೇ ಇರಲಿ ಎಂದು ಬೇಡಿಕೊಳ್ಳುವಂತಾಯಿತಲ್ಲ. ಹೊರಗೆ ಗಾಳಿಯೇನೋ ಈಗಲೇ ತಿರುಗುತ್ತಿರುವ ಹಾಗೆ…