ತಾಟು ಬಂದ ಮೇಲೆ ಬಾರದ ಪತ್ರ

ಕಾತ್ರಜ, ಪುಣೆ
೨೪ ಅಕ್ಟೋಬರ್, ಶನಿವಾರ

ಪ್ರೀತಿಯ ತಂಗಿ ಕಲ್ಲವ್ವಾ,

ಹೇಗಿದ್ದೀ? ನಿನ್ನೆಯೂ ಇದನ್ನೇ ಕೇಳಿದೆ, ನೀನು ಫೋನಿನ ಗಾಜಿನೊಳಗಿಂದ “ಆರಾಮ ಅದೀನಿ ಅಣ್ಣಾ” ಎಂದು ನಕ್ಕೆ. ಅದನ್ನು ನಾನು ಉತ್ತರವೆಂದು ಒಪ್ಪಿಲ್ಲ, ಅದಕ್ಕೇ ಕಾಗದದ ಮೇಲೆ ಮತ್ತೊಮ್ಮೆ ಕೇಳುತ್ತಿದ್ದೇನೆ. ಇಲ್ಲಿ ನನ್ನ ಮೊಣಕಾಲು ನೋವು ಇದ್ದ ಹಾಗೇ ಇದೆ. ನಿನ್ನ ವೈನಿಯ ಸಕ್ಕರೆ ಕಾಯಿಲೆ ಹಿಡಿತಕ್ಕೆ ಬಂದಿದೆ, ಬಾಯಿ ಇನ್ನೂ ಬಂದಿಲ್ಲ. ಈಗಲೂ ಬೆನ್ನ ಹಿಂದೆ ನಿಂತು, “ದಿನಾ ಮಾರಿ ನೋಡಿ ಮಾತಾಡ್ತೀರಿ, ಮತ್ತ ಅದೇನ ಬರೀತೀರಿ?” ಎನ್ನುತ್ತಿದ್ದಾಳೆ. ಬರೆಯುವುದು ಬೇಕಾದಷ್ಟಿದೆ. ಪೋಸ್ಟಮನ್ ಇದನ್ನು ತಂದು ಅಂಗಡಿಯಲ್ಲಿ ಕೂತ ನಿನ್ನ ಮಗನ ಕೈಗೇ ಕೊಡುತ್ತಾನೆ ಎಂಬುದೂ ನನಗೆ ಗೊತ್ತು. ಮಾಂತ್ಯಾ, ನೀನು ಇದನ್ನು ಒಡೆದಿದ್ದರೆ ಇಲ್ಲಿಗೇ ನಿಲ್ಲಿಸು, ಮಡಚಿ ನಿನ್ನ ಅವ್ವನ ಮುಂದಿಡು. ನಿನಗೆ ನಲವತ್ತು ದಾಟಿದ್ದರೂ ಕಿವಿ ಹಿಂಡುವ ಶಕ್ತಿ ನಿನ್ನ ಮಾಮಾನಿಗೆ ಇನ್ನೂ ಇದೆ.

ಕಲ್ಲವ್ವಾ, ನಿಮ್ಮ ಮನೆಯ ತಗಡಿನ ಮೇಲೆ ಇಂಟರ್ನೆಟ್ಟಿನ ಆ ಬಿಳೀ ತಾಟು ಬಂದು ಕೂತ ದಿನದಿಂದ ನನ್ನ ಮನಸ್ಸು ನೆಟ್ಟಗಿಲ್ಲ. ಮೊದಲ ದಿನ ಸೊಸೆ ದೀಪಾಲಿ ಫೋನು ಮೇಲೆತ್ತಿ ತಾಟು ತೋರಿಸಿದಳಲ್ಲ, ಆಗ ಕಂಬ ಎಲ್ಲಿ, ತಂತಿ ಎಲ್ಲಿ ಎಂದು ಕೇಳಿದ್ದೆ. ಮಾಂತು, “ಕಂಬ ಬ್ಯಾಡ್ರಿ ಮಾಮಾ, ಸೀದಾ ಉಪಗ್ರಹದಿಂದ ಬರತದ” ಎಂದ. ಮೂವತ್ತನಾಲ್ಕು ವರ್ಷ ಟೆಲಿಫೋನ್ ಖಾತೆಯಲ್ಲಿ ಗುಂಡಿಗಿಳಿದು ಕೇಬಲ್ ಜೋಡಿಸಿದವನು ನಾನು. ತಂತಿಯಾದರೆ ಕೈಯಲ್ಲಿ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ಹೋಗಬಹುದು, ಎಲ್ಲಿ ಕಡಿದಿದೆ ಎಂದು ಬೆರಳಿಟ್ಟು ತೋರಿಸಬಹುದು. ಆಕಾಶದಲ್ಲಿ ಓಡುವ ಸಾಮಾನಿನ ಹಿಂದೆ ಯಾರು ಓಡಬೇಕು? ಕಂಪನಿಯವರು ನಿಮ್ಮ ಆಧಾರ್ ಕಾರ್ಡು ಒಯ್ದರು, ನಿನ್ನ ಹೆಬ್ಬೆಟ್ಟು ಒತ್ತಿಸಿಕೊಂಡರು ಎಂದು ಕೇಳಿದಾಗಲಂತೂ ಸಂಶಯ ಇನ್ನೂ ಹೆಚ್ಚಿತು. ಚೆಂದ ಸಹಿ ಮಾಡುವ ನೀನು ಹೆಬ್ಬೆಟ್ಟು ಯಾಕೆ ಒತ್ತಿದೆ ಎಂದರೆ ಮಾಂತು, “ಈಗ ಎಲ್ಲಾ ಕಡೆ ಹಂಗರೀ” ಎಂದು ಮಾತು ಹಾರಿಸಿದ. ನಿನ್ನ ವೈನಿ ನನ್ನನ್ನು ಸಂಶಯಪಿಶಾಚಿ ಎನ್ನುತ್ತಾಳೆ. ಅನ್ನಲಿ ಬಿಡು, ಮದುವೆಯಾದಾಗಿನಿಂದ ಅನ್ನುತ್ತಿದ್ದಾಳೆ.

ಒಳ್ಳೆಯದನ್ನು ಒಳ್ಳೆಯದೆನ್ನಲು ನಾನೇನು ಹಿಂಜರಿಯುವುದಿಲ್ಲ. ನಿಮ್ಮ ಪಿಂಪಳವಾಡಿಯಲ್ಲಿ ಒಂದು ಫೋನು ಮಾಡಬೇಕೆಂದರೆ ಗುಡ್ಡ ಹತ್ತಿ, ಎರಡು ಗುಡ್ಡದ ಸಂದಿನ ಖಿಂಡಿಯಲ್ಲಿ ಕೈಯೆತ್ತಿ ನಿಲ್ಲಬೇಕಿತ್ತು. ಈಗ ವಾಡಿಯ ಮಕ್ಕಳು ನಿನ್ನ ಪಡಸಾಲೆಯಲ್ಲಿ ಕೂತು ಕಾಲೇಜಿನ ಫಾರ್ಮು ತುಂಬುತ್ತಾರಂತೆ, ರೇಶನ್ನಿನ ಯಂತ್ರ ಹೆಬ್ಬೆಟ್ಟು ಗುರುತಿಸದೇ ಜನರನ್ನು ವಾಪಸ್ಸು ಕಳಿಸುವುದು ನಿಂತಿದೆಯಂತೆ. ಭಾಳ ಸಂತೋಷ. ಆದರೆ ಆ ತಾಟು ನನ್ನ ತಂಗಿಯ ಪತ್ರ ನುಂಗಿದ್ದು ಯಾವ ನ್ಯಾಯ? ಭೋರ್ ತಾಲೂಕಿನ ಆ ಗುಡ್ಡದೂರಿಗೆ ಮದುವೆಯಾಗಿ ಹೋದಾಗಿನಿಂದ ನೀನು ಹದಿನೈದು ದಿನಕ್ಕೊಂದು ಪತ್ರ ತಪ್ಪಿಸಿದವಳಲ್ಲ. ನಿನ್ನ ಯಜಮಾನರು ತೀರಿಕೊಂಡ ತಿಂಗಳಲ್ಲೂ ಬರೆದಿದ್ದೆ. ಯಾರ ಎಮ್ಮೆ ಯಾರ ಹೊಲ ಹೊಕ್ಕಿತು, ಶ್ರಾವಣಕ್ಕೆ ಅಂಗಡಿಯ ಬೆಲ್ಲ ಹೇಗೆ ನೀರೊಡೆಯಿತು, ದೀಪಾಲಿ ಜೋಳದ ರೊಟ್ಟಿ ತಟ್ಟಲು ಕಲಿತು ಮೊದಲ ರೊಟ್ಟಿ ಯಾವ ದೇಶದ ನಕಾಶೆಯಂತೆ ಬಂತು, ಎಲ್ಲ ಬರೆಯುತ್ತಿದ್ದೆ. ನಾನು ಆ ಪತ್ರಗಳನ್ನು ಎರಡು ಸಲ ಓದಿ, ಮೂರನೆಯ ಸಲ ನಿನ್ನ ವೈನಿಗೆ ಓದಿ ಹೇಳುತ್ತಿದ್ದೆ. ಈಗ ಕೇಳಿದರೆ ಮಾಂತು, “ದಿನಾ ಮಾರಿ ಕಾಣ್ತದಲ್ರೀ ಮಾಮಾ, ಇನ್ನ ಪತ್ರ ಯಾಕ?” ಎನ್ನುತ್ತಾನೆ. ಆ ಮಾತಿಗೆ ನೀನು ಪಕ್ಕಕ್ಕೆ ನೋಡಿದೆ.

ಮಾರಿ ಕಾಣುತ್ತದೆ, ಹೌದು. ಮಾರಿಯಷ್ಟೇ ಕಾಣುತ್ತದೆ. ಅದೇ ಕುರ್ಚಿ, ಅದೇ ಗೋಡೆ, ಕೊರಳಿನಿಂದ ಮೇಲೆ ಮಾತ್ರ ನೀನು. ಫೋನನ್ನು ಹಿಡಿದವರು ಬೇರೆ ಯಾರೋ. ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುವುದು ನಿನ್ನ ಹುಟ್ಟುಗುಣ, ಎರಡೂವರೆ ತಿಂಗಳಿನಿಂದ ಸೆರಗು ಮೇಲೆ ಬಂದೇ ಇಲ್ಲ. ಬುಧವಾರ ಹನ್ನೊಂದು ಗಂಟೆಗೆ ಫೋನು ಮಾಡಿದರೆ ದೀಪಾಲಿ ಎತ್ತಿ, “ಅತ್ತಿ ಆಮ್ಯಾಲೆ ಮಾತಾಡ್ತಾರ್ರಿ” ಎಂದು ಗಡಿಬಿಡಿಯಲ್ಲಿ ಇಟ್ಟುಬಿಡುತ್ತಾಳೆ. ಒಂದು ಬುಧವಾರವಲ್ಲ, ಎಂಟು ಬುಧವಾರ. ಬುಧವಾರ ಯಾರ ಜೊತೆ ಮಾತು ಎಂದು ನಾನು ಸಹಜವಾಗಿ ಕೇಳಿದೆ, ಅವಳು ನಾನು ಕೇಳದೇ ಇದ್ದ ನಾಲ್ಕು ಮಾತು ಹೇಳಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು. ಆಗ ನನಗೆ ಬಂದ ಯೋಚನೆಯನ್ನು ಮುಚ್ಚಿಡುವುದಿಲ್ಲ: ನಿನ್ನ ಮಗ ಆ ಹೆಬ್ಬೆಟ್ಟಿನ ನೆಪದಲ್ಲಿ ನಿನ್ನ ಮನೆ ಜಾಗ ತನ್ನ ಹೆಸರಿಗೆ ಬರೆಸಿಕೊಂಡಿದ್ದಾನೆ, ನಿನ್ನನ್ನು ಕುರ್ಚಿಯಲ್ಲಿ ಕೂರಿಸಿ ಇಷ್ಟೇ ಮಾತಾಡು ಎಂದು ಹೇಳಿಕೊಡುತ್ತಿದ್ದಾನೆ ಎಂದುಕೊಂಡೆ. ಗಣಪತಿ ಹಬ್ಬಕ್ಕೆ ಬರುತ್ತೇನೆ ಎಂದಾಗ ಅವನು, “ಘಾಟಿನ್ಯಾಗ ರಸ್ತಾ ಕುಸಿದದ, ಬರಬ್ಯಾಡ್ರಿ” ಎಂದ. ನವರಾತ್ರಿಗೂ ಅದೇ ಮಾತು. ನಾನು ಇಲ್ಲಿ ಕಾತ್ರಜದ ಸ್ಟಾಪಿಗೆ ಹೋಗಿ ನಿಮ್ಮ ಕಡೆಗೆ ಹೋಗುವ ಕೆಂಪು ಬಸ್ಸು ಲಾಲ್‌ಪರಿಯ ಕಂಡಕ್ಟರನನ್ನು ಹಿಡಿದು ಕೇಳಿದೆ. “ರೋಜ್ ಜಾತೇ ಕಾಕಾ, ಕಾಯ್ ಝಾಲಂ?” ಎಂದು ಅವನು ನನ್ನನ್ನೇ ವಿಚಿತ್ರವಾಗಿ ನೋಡಿದ. ಬಸ್ಸು ದಿನಾ ಹೋಗುತ್ತದೆ, ರಸ್ತೆ ಗಟ್ಟಿಯಾಗಿದೆ, ನನ್ನ ಅಳಿಯ ಸುಳ್ಳು ಹೇಳುತ್ತಿದ್ದಾನೆ.

ಆಮೇಲೆ ಮೊನ್ನೆ ದಸರೆ ಬಂತು. ನೀನು ಫೋನಿನ ಮುಂದೆ ಕೂತು, “ಬನ್ನಿ ತಗೊಂಡು ಬಂಗಾರಧಾಂಗ ಇರೋಣು ಅಣ್ಣಾ” ಎಂದು ಬನ್ನಿ ಎಲೆ ಮುಂದೆ ಹಿಡಿದೆ. ಎಡಗೈಯಲ್ಲಿ. ಕಲ್ಲವ್ವಾ, ನಮ್ಮ ಮನೆಯಲ್ಲಿ ಎಡಗೈಯಿಂದ ಬನ್ನಿ ಕೊಟ್ಟವರು ಯಾರಿದ್ದಾರೆ? ಸಣ್ಣವರಿದ್ದಾಗ ನಾನೊಮ್ಮೆ ಎಡಗೈ ಚಾಚಿದ್ದಕ್ಕೆ ಅವ್ವ ಎಲ್ಲರ ಎದುರು ಕೈ ಮೇಲೆ ಬಾರಿಸಿದ್ದಳು, ನೀನು ವಾರವಿಡೀ ಅದನ್ನೇ ಆಡಿ ಆಡಿ ನನ್ನನ್ನು ಕಾಡಿದ್ದೆ. ನಾನು ಬಾಯಿ ತೆರೆಯುವುದರೊಳಗೆ ಮಾಂತು ನಡುವೆ ಬಂದು, “ಕ್ಯಾಮೆರಾದಾಗ ಎಡಾ ಬಲಾ ಅದಲಿಬದಲಿ ಕಾಣ್ತಾವ್ರಿ ಮಾಮಾ” ಎಂದ. ನಾನು ತಲೆಯಾಡಿಸಿದೆ. ಆದರೆ ನಿನ್ನ ತಲೆಯ ಹಿಂದೆ ಗೋಡೆಗೆ ಕ್ಯಾಲೆಂಡರು ಇತ್ತು. ಅದರ ಅಕ್ಷರ, ಅಂಕಿ ಎಲ್ಲ ನೆಟ್ಟಗೆ ಓದಲು ಬರುತ್ತಿದ್ದವು. ಅದಲಿಬದಲಿ ಆಗುವುದಾದರೆ ಅಕ್ಷರವೂ ತಿರುಗಬೇಕಿತ್ತಲ್ಲ? ನಿನ್ನ ಕೈಯೊಂದೇ ಹೇಗೆ ತಿರುಗಿತು?

ಅವತ್ತಿನಿಂದ ನನಗೆ ಊಟ ಸೇರುತ್ತಿಲ್ಲ. ನಮ್ಮ ಖಾತೆಯಲ್ಲಿ ಹೊಸದಾಗಿ ಸೇರಿದವರಿಗೆ ಒಂದು ಮಾತು ಹೇಳಿಕೊಡುತ್ತಿದ್ದೆವು: ಗಿರಾಕಿ ತೋರಿಸಿದ ಜಾಗ ಅಗೆಯಬೇಡ, ಮೊದಲು ತಾರೀಖು ನೋಡು, ಯಾವತ್ತು ಕೆಟ್ಟಿತು ಎಂದು ಕೇಳು. ನಿನ್ನ ಪತ್ರಗಳ ಡಬ್ಬಿ ತೆಗೆದು ನೋಡಿದೆ. ಕೊನೆಯ ಪತ್ರ ಜೂನ್ ಇಪ್ಪತ್ತೆಂಟರದ್ದು. ತಾಟು ಕೂತದ್ದು ಆಗಸ್ಟ್ ಒಂಬತ್ತಕ್ಕೆ. ನಡುವಿನ ಆರು ವಾರ ತಾಟೂ ಇರಲಿಲ್ಲ, ಪತ್ರವೂ ಇರಲಿಲ್ಲ, ಮಳೆಗೆ ಟಪಾಲು ನಿಂತಿದೆ ಎಂದು ನಾನೇ ಸಮಾಧಾನ ಮಾಡಿಕೊಂಡಿದ್ದೆ. ತಾಟು ಬಂದದ್ದಕ್ಕೆ ಪತ್ರ ನಿಂತಿತು ಎಂದು ನೀವು ಹೇಳಿದಿರಿ, ನಾನೂ ನಂಬಿ ಆ ತಾಟಿಗೆ ಶಾಪ ಹಾಕುತ್ತ ಕೂತೆ. ಪತ್ರ ಬರೆಯುವ ಕೈ ನಿಂತದ್ದಕ್ಕೇ ತಾಟು ಬಂತು, ಅಲ್ಲವೇ? ಬುಧವಾರ ಹನ್ನೊಂದಕ್ಕೆ ಅದರಲ್ಲಿ ನಿನ್ನನ್ನು ನೋಡುವವರು ಡಾಕ್ಟರು, ಅಲ್ಲವೇ? ಸಹಿ ಹಾಕಲಾಗದೇ ಹೆಬ್ಬೆಟ್ಟು ಒತ್ತಿದೆ, ಅಲ್ಲವೇ? ನಿನ್ನ ಬಲಗೈಗೆ ಏನಾಗಿದೆ, ಕಲ್ಲವ್ವಾ?

ಇಡೀ ವಾಡಿಗೆ ಗೊತ್ತಿದ್ದದ್ದು, ಕಾಣದ ಊರಿನ ಡಾಕ್ಟರಿಗೆ ಗೊತ್ತಿದ್ದದ್ದು, ಒಡಹುಟ್ಟಿದವನಿಗೆ ಗೊತ್ತಾಗಬಾರದೇ? ನನಗೆ ಸಿಟ್ಟು ಬಂದಿದೆ, ಅದಕ್ಕಿಂತ ಹೆಚ್ಚು ಅಳು ಬಂದಿದೆ. ನಾನಿನ್ನೂ ಸತ್ತಿಲ್ಲ. ಏನಿದ್ದರೂ ಒಂದು ಮಾತು ಹೇಳು, ಮರುದಿನವೇ ಜೀಪು ತಂದು ನಿನ್ನನ್ನು ಎತ್ತಿ ಹಾಕಿಕೊಂಡು ಪುಣೆಗೆ ಬರುತ್ತೇನೆ. ಇಲ್ಲಿ ದೊಡ್ಡ ದೊಡ್ಡ ಆಸ್ಪತ್ರೆಗಳಿವೆ, ನೋಡಿಕೊಳ್ಳಲು ನಿನ್ನ ವೈನಿ ಇದ್ದಾಳೆ. ನಿನ್ನ ಮಗ ಏನನ್ನುತ್ತಾನೆ ಎಂದು ನಾನು ಕೇಳುವುದಿಲ್ಲ.

ದೀಪಾಲಿಗೆ ನನ್ನ ಆಶೀರ್ವಾದ, ಅವಳು ಸುಳ್ಳು ಹೇಳಲು ಇನ್ನೂ ಕಲಿಯಬೇಕು. ಮಾಂತುವಿಗೂ ಆಶೀರ್ವಾದ, ಜಾಗದ ಮಾತಿಗೆ ಅವನ ಕ್ಷಮೆ ಕೇಳುತ್ತೇನೆ. ನಿನಗೆ ನೂರು ವರ್ಷ ಆಯುಷ್ಯವಾಗಲಿ.

ನಿನ್ನ ಅಣ್ಣ,
ಶಿವಪುತ್ರಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮೊದಲು ನಿನ್ನ ವೈನಿ ಇದನ್ನು ಕಿತ್ತುಕೊಂಡು ಓದಿದಳು. ಓದಿ, “ಯಾಕ ಹೇಳಲಿಲ್ಲಂತ ಖರೇನ ತಿಳೀಲಿಲ್ಲೇನ್ರಿ? ಅತ್ತಿನ್ನ ಜೀಪಿನ್ಯಾಗ ಹಾಕ್ಕೊಂಡು ಬಂದವರು ಯಾರು?” ಎಂದು ಕೇಳಿ ಒಳಗೆ ಹೋದಳು. ಲಕೋಟೆ ಬದಿಗಿಟ್ಟು ಮತ್ತೆ ಪೆನ್ನು ಹಿಡಿದಿದ್ದೇನೆ. ಒಂಬತ್ತು ವರ್ಷದ ಹಿಂದೆ ನಿನ್ನ ಮನೆಯಲ್ಲಿದ್ದ ಅವ್ವನಿಗೆ ಲಕ್ವಾ ಹೊಡೆದಾಗ ಅವಳು ನಿಮ್ಮ ಬಾಗಿಲ ಚೌಕಟ್ಟು ಹಿಡಿದು, ಒಲ್ಲೆ ಒಲ್ಲೆ ಎಂದು ತಲೆಯಾಡಿಸಿದಳು. ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವನು ನಾನು. ಈ ಮೂರನೆಯ ಮಹಡಿಯ ಕಿಟಕಿಯಲ್ಲಿ ಕೂತು, ಹೈವೇ ಮೇಲೆ ಹೋಗುವ ಒಂದೊಂದು ಕೆಂಪು ಬಸ್ಸನ್ನೂ ತೋರಿಸಿ, “ಇದು ಕಲ್ಲಿ ಊರಿಗೆ ಹೊಂಟದೇನೋ?” ಎಂದು ಕೇಳಿ ಕೇಳಿ ನಾಲ್ಕು ತಿಂಗಳಿಗೆ ತೀರಿಹೋದಳು. ಬೆರಳು ಬಿಡಿಸಿದ ಅವತ್ತು ನೀನು ಬಾಗಿಲಲ್ಲೇ ನಿಂತು ನೋಡುತ್ತಿದ್ದೆ. ಮೇಲೆ ಬರೆದ ಜೀಪಿನ ಸಾಲು ಹೊಡೆದುಹಾಕು. ನವೆಂಬರ್ ಎರಡು, ಸೋಮವಾರ, ಒಬ್ಬನೇ ಬಸ್ಸಿಗೆ ಬರಬೇಕೆಂದಿದ್ದೇನೆ. ಹದಿನೈದು ದಿನ ನಿನ್ನ ಹತ್ತಿರ ಇರುತ್ತೇನೆ, ಬುಧವಾರ ಆ ಡಾಕ್ಟರ ಮುಂದೆ ನಿನ್ನ ಪಕ್ಕದಲ್ಲಿ ಕೂರುತ್ತೇನೆ, ಒಬ್ಬನೇ ತಿರುಗಿ ಬರುತ್ತೇನೆ. ಅವ್ವನನ್ನು ನಾನು ಕೇಳಿರಲಿಲ್ಲ, ನಿನ್ನನ್ನು ಕೇಳುತ್ತಿದ್ದೇನೆ. ಬರಲೇನವ್ವಾ?